ಬಂದವರು ಯಾರೆಂದು ರಕ್ಕಸಿಯನ್ನು ಕೇಳಿದಾಗ

ಇದನ್ನು ನನಗೆ ಮೊದಲು ಹೇಳಿದ್ದು ನಮ್ಮ ಮಕ್ಕಳ ನಿಲಯದ ಅಡುಗೆಯ ಅಕ್ಕ. “ಈ ಮಕ್ಕಳ ಕೈಗೆ ಬಣ್ಣ ಕೊಟ್ಟ ಮೇಲೆ ನಮಗೆ ಕೆಲಸ ಇಲ್ಲ ಟೀಚರೇ. ಬಾಯಿ ಬಿಟ್ಟು ನೋಡುವುದು, ಅಷ್ಟೇ.” ಮನಶ್ಶಾಸ್ತ್ರ ಓದಿದವಳು ನಾನು, ಅಡುಗೆಮನೆಯ ಮಾತನ್ನು ಕೂಡಲೇ ನಂಬುವುದುಂಟೇ? ಆದರೆ ಶನಿವಾರದ ಕಲಾ ತರಗತಿಯಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಹೋಯಿತು.

ಮೂರು ಹೇಳುತ್ತೇನೆ. ಮೂರೂ ಒಬ್ಬಳದ್ದೇ. ಒಂಬತ್ತು ವರ್ಷದ ಹುಡುಗಿ. ಮನೆಯಲ್ಲಿ ನಡೆಯಬಾರದ್ದು ನಡೆದ ಮೇಲೆ ಮಾತು ಬಿಟ್ಟಿದ್ದಳು. ಕಡತದಲ್ಲಿ ಹೆಸರಿತ್ತು, ಅವಳ ಬಾಯಿಂದ ಕೇಳಿದವರಿರಲಿಲ್ಲ. ಬೇಸಿಗೆ ರಜೆಯೊಳಗೆ ಮಾತಾಡದಿದ್ದರೆ ಅವಳನ್ನು ದೂರದ ಬೇರೆ ನಿಲಯಕ್ಕೆ ಕಳಿಸುವುದೆಂದು ಇಲಾಖೆಯ ಅಧಿಕಾರಿ ಹೇಳಿ ಹೋಗಿದ್ದರು.

೧. ಬೆಳ್ತಂಗಡಿಯಲ್ಲಿ ಕಪ್ಪು

ನಿಲಯದ ಜಗಲಿಯಲ್ಲಿ, ನಿಮಗೆ ಇಷ್ಟವಾದದ್ದನ್ನು ಬರೆಯಿರಿ ಎಂದು ಕಾಗದ ಹಂಚಿದೆ. ಇವಳು ಇಡೀ ಹಾಳೆಗೆ ದುಂಡಗೆ ಕಪ್ಪು ತುಂಬಿಸಿದಳು. ಒಳಗಿನ ಕತ್ತಲು, ನುಂಗಿದ ದುಃಖ ಎಂದೆಲ್ಲ ಎರಡು ಪುಟ ಟಿಪ್ಪಣಿ ಬರೆದೆ. ಚಾ ತಂದ ಅಕ್ಕ ಬಗ್ಗಿ ನೋಡಿದರು.

“ಹೋ, ನನ್ನ ನೀರುದೋಸೆಯ ಕಾವಲಿ! ಮುರಿದ ಹಿಡಿ ಸಮೇತ ಬರೆದಿದ್ದಾಳೆ ಮಾರಾಯ್ರೆ.”

ಹುಡುಗಿ ತಲೆಯಾಡಿಸಿದಳು. ಇಷ್ಟವಾದದ್ದು ಬರಿ ಎಂದವಳು ನಾನೇ ತಾನೆ?

೨. ಬಂಟ್ವಾಳದಲ್ಲಿ ಮಣ್ಣು

ಒಂದು ಶಾಲೆಯ ಶಿಬಿರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಸಿಟ್ಟು ಬರಿಸುವವರನ್ನು ಮಣ್ಣಿನಲ್ಲಿ ಮಾಡಿ, ಆಮೇಲೆ ಒಡೆದುಹಾಕುವ, ಸಿಟ್ಟು ಇಳಿಯುತ್ತದೆ ಎಂದೆ. ತರಬೇತಿಯಲ್ಲಿ ಕಲಿತದ್ದು.

ಇವಳು ಒಬ್ಬ ಹೆಂಗಸನ್ನು ಮಾಡಿದಳು. ಕನ್ನಡಕ, ಹೆಗಲಿಗೆ ಚೀಲ, ಕೈಯಲ್ಲಿ ರಿಜಿಸ್ಟರು, ಅಗಲಕ್ಕೆ ತೆರೆದ ಬಾಯಿ. ಪ್ರತಿ ವಾರ “ನಿನ್ನ ಹೆಸರೇನು ಪುಟ್ಟಾ?” ಎಂದು ಅವಳ ಜೀವ ತಿನ್ನುತ್ತಿದ್ದ ನಾನು! ನನ್ನ ಸೀರೆಯ ನೆರಿಗೆ ಕೂಡ ತಪ್ಪಿರಲಿಲ್ಲ. ಈ ಬೆರಳುಗಳು ಇಷ್ಟು ದಿನ ನನ್ನನ್ನು ಹೀಗೆ ನೋಡುತ್ತಿದ್ದವೇ!

ಒಡೆಯುತ್ತಾಳೆಂದು ಕಾದೆ. ಒಡೆಯಲಿಲ್ಲ. ಹೆಬ್ಬೆರಳಿಟ್ಟು ಆ ಬಾಯಿಯನ್ನು ಮೆಲ್ಲಗೆ ಮುಚ್ಚಿದಳು.

ಅಂದಿನಿಂದ ಹೆಸರು ಕೇಳುವುದು ಬಿಟ್ಟೆ. ನನ್ನ ಬಾಯಿ ಮುಚ್ಚಿಸುವುದು ನನ್ನ ಗಂಡನಿಂದ ಹದಿನೆಂಟು ವರ್ಷದಲ್ಲಿ ಆಗದ ಕೆಲಸ.

೩. ಮೂಡುಬಿದಿರೆಯಲ್ಲಿ ವೇಷ

ರಜೆಯ ಕೊನೆಗೆ ಮೂಡುಬಿದಿರೆಯಲ್ಲಿ ನಮ್ಮ ಮಕ್ಕಳದ್ದೇ ಒಂದು ಸಣ್ಣ ಯಕ್ಷಗಾನ. ಇವಳು ಮಾತಿಲ್ಲದ ರಕ್ಕಸಿ. ಕುಣಿದು ಒಳಗೆ ಹೋದರಾಯಿತು. ಮುಂದಿನ ಸಾಲಿನಲ್ಲಿ ಅಧಿಕಾರಿ, ಮಡಿಲಲ್ಲಿ ಅವಳ ಕಡತ.

ರಂಗಕ್ಕೆ ಯಾವ ವೇಷ ಬಂದರೂ ಭಾಗವತರು ಮಾತಾಡಿಸುವುದು ನಮ್ಮ ಕಡೆಯ ಪದ್ಧತಿ. ಇವಳನ್ನು ಮಾತಾಡಿಸಬೇಡಿ ಎಂದು ಅವರಿಗೆ ಹೇಳಲು ನಾನು ಮರೆತಿದ್ದೆ. ಕೆಂಪು ಮುಖದ ರಕ್ಕಸಿ ಕುಣಿದು ನಿಂತಳು. ಚೆಂಡೆ ನಿಂತಿತು.

“ಭಲೇ! ಬಂದವರು ಯಾರು?”

ನಾನು ಕಣ್ಣು ಮುಚ್ಚಿದೆ. ಆಮೇಲೆ ಒಂದು ಆರ್ಭಟೆ ಕೇಳಿತು, ಮೈಕೇ ಬೇಡ. ಹಿಂದೆಯೇ ಹೆಸರು. ರಕ್ಕಸಿಯದ್ದಲ್ಲ, ಅವಳದ್ದು. ತಾಯಿಯ ಹೆಸರು, ಊರು, ಎಷ್ಟನೇ ಕ್ಲಾಸು, ಸಾಕಿದ ಬೆಕ್ಕು, ಎಲ್ಲ ಬಂತು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಭಾಗವತರು ಇಂಥದ್ದು ಎಷ್ಟು ಕಂಡವರೋ, ಗಂಭೀರವಾಗಿಯೇ ಮುಂದುವರಿಸಿದರು. “ಸಂತೋಷ. ಬಂದ ಉದ್ದೇಶ?”

“ನನ್ನನ್ನು ಕೇಳಿದ್ದು ಸಾಕು,” ಎಂದಳು ರಕ್ಕಸಿ. ಅವಳ ಕೈಯ ಕತ್ತಿ ಮುಂದಿನ ಸಾಲಿನ ಕಡೆ ತಿರುಗಿತು. “ನೀವು ಯಾರು?”

ಅಧಿಕಾರಿ ಎದ್ದು ನಿಂತರು. ಕೈಮುಗಿದು ಹೆಸರು, ಊರು, ಹುದ್ದೆ ಒಪ್ಪಿಸಿದರು.

“ಬಂದ ಉದ್ದೇಶ?”

ಅವರು ಕಡತವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

“ಏನಿಲ್ಲಮ್ಮ. ಆಟ ನೋಡಿ ಹೋಗುವ ಅಂತ ಬಂದದ್ದು, ಅಷ್ಟೇ.”

ನೀವೂ ಇದನ್ನು ನಾಲ್ಕು ಜನಕ್ಕೆ ಹೇಳಿ. ಅವಳ ಹೆಸರು ಮಾತ್ರ ನನ್ನ ಹತ್ತಿರ ಕೇಳಬೇಡಿ. ಅದನ್ನು ಈಗ ಅವಳೇ ಹೇಳುತ್ತಾಳೆ.