ಜೊತೆಗೊಬ್ಬರು ಇರಲೇಬೇಕು

ಎಲ್ಲ ಶುರುವಾದದ್ದು ಕಾಫಿಗೆ ಬಿದ್ದ ಉಪ್ಪಿನಿಂದ. ಮೂವತ್ತೈದು ವರ್ಷದ ಸಂಸಾರದಲ್ಲಿ ಅಳತೆರಾಯರ ಹೆಂಡತಿ ಒಂದು ದಿನವೂ ಕಾಫಿಗೆ ಉಪ್ಪು ಹಾಕಿದವರಲ್ಲ. ಈ ತಿಂಗಳಲ್ಲಿ ಎರಡು ಸಲ ಹಾಕಿದ್ದರು. ಮೊನ್ನೆ ದಾರದ ಉಂಡೆ ಫ್ರಿಜ್ಜಿನಲ್ಲಿ ಸಿಕ್ಕಿತು, ನಿನ್ನೆ ಬೀಗದ ಕೈ ಅಕ್ಕಿ ಡಬ್ಬದಲ್ಲಿ. ಅಳತೆರಾಯರ ಎದೆಯೊಳಗೆ ಅವಲಕ್ಕಿ ಕುಟ್ಟಲು ಅಷ್ಟು ಸಾಕಾಗಿತ್ತು.

ಅಳತೆರಾಯರು ಎನ್ನುವುದು ಬೀದಿಯವರು ಇಟ್ಟ ಹೆಸರು. ಕಸುಬಿನಲ್ಲಿ ದರ್ಜಿ. ಟೇಪು ಹಿಡಿಯುವ ಮೊದಲೇ, ಬಾಗಿಲಲ್ಲಿ ನಿಂತವರ ಸೊಂಟದ ಸುತ್ತಳತೆಯನ್ನು ಗಟ್ಟಿಯಾಗಿ ಹೇಳಿಬಿಡುವ ಚಾಳಿ. ಮೈ ಬಂದವರು ಕೆಲವರು ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದರು.

ಅವರ ಅಂಗಡಿಯ ಗೋಡೆಗೆ ವಾರದಿಂದ ಒಂದು ಪೋಸ್ಟರ್ ಅಂಟಿಕೊಂಡಿತ್ತು. ಮೆದುಳಿನ ಕಾಯಿಲೆಗಳ ಸಂಶೋಧನೆಗೆ ನೆರವು ಕೊಡುವ ಸೇವಾಸಂಘವೊಂದು ಗ್ರಂಥಾಲಯದ ಮಹಡಿಯಲ್ಲಿ ಮರೆವಿನ ಉಚಿತ ತಪಾಸಣೆ ಇಟ್ಟುಕೊಂಡಿತ್ತು. ಇವತ್ತು ಕೊನೆಯ ದಿನ, ಸಂಜೆ ಐದರವರೆಗೆ. ಕೆಳಗೆ ದಪ್ಪಕ್ಷರದಲ್ಲಿ, 'ಒಬ್ಬರೇ ಬರಬೇಡಿ. ನಿಮ್ಮನ್ನು ಚೆನ್ನಾಗಿ ಬಲ್ಲವರೊಬ್ಬರು ಜೊತೆಗೆ ಇರಲೇಬೇಕು.' ಬಂದವರಿಗೆ ಪರೀಕ್ಷೆ, ಜೊತೆಗಾರರಿಗೆ ಪ್ರಶ್ನೆಪಟ್ಟಿ. ಅದು ಆ ಸಂಘದ ಪದ್ಧತಿ. ಮರೆತವರಿಗೆ ಮರೆತದ್ದು ನೆನಪಿರುವುದಿಲ್ಲವಲ್ಲ, ಪಕ್ಕದವರನ್ನೇ ಕೇಳಬೇಕು.

ಆದರೆ ಹೆಂಡತಿಯನ್ನು ಅಲ್ಲಿಗೆ ಕರೆದೊಯ್ಯುವುದು ಹೇಗೆ? ಹೋದ ವಾರ ಮೆಲ್ಲಗೆ ಮಾತು ತೆಗೆದಿದ್ದರು. "ನನ್ನ ತಲೆ ನೆಟ್ಟಗಿದೆ. ನಿಮ್ಮದನ್ನ ನೋಡ್ಕೊಳ್ಳಿ," ಎಂದು ಆಕೆ ಪಾತ್ರೆ ತೊಳೆಯಲು ಹೋಗಿದ್ದರು. ಆ ಮಾತಿನಿಂದಲೇ ಅಳತೆರಾಯರಿಗೆ ಉಪಾಯ ಹೊಳೆಯಿತು. ಮರೆವು ತನಗೇ ಬಂದಿದೆ ಎಂದು ನಟಿಸುವುದು, ಜೊತೆಗಾರಳಾಗಿ ಆಕೆಯನ್ನು ಕರೆದೊಯ್ಯುವುದು, ಅಲ್ಲಿ ಆಕೆಯನ್ನೂ ಪರೀಕ್ಷೆಗೆ ಕೂರಿಸುವುದು.

ಬೆಳಿಗ್ಗೆ ಅಂಗಡಿ ತೆರೆದವರೇ ಪಕ್ಕದ ಇಸ್ತ್ರಿಯವನ ಮೇಲೆ ಮೊದಲ ಪ್ರಯೋಗ ಮಾಡಿದರು.

"ತಾವು ಯಾರು, ಗೊತ್ತಾಗ್ಲಿಲ್ಲ."

ಇಸ್ತ್ರಿಯವನು ಹದಿನಾರು ವರ್ಷದಿಂದ ಅದೇ ಗೋಡೆಯ ಆಚೆ ಇದ್ದವನು. ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಹಾಗೇ ಬಿಟ್ಟು, ಎದುರಿನ ಔಷಧಿ ಅಂಗಡಿಗೆ ಓಡಿದ. ಅಂಗಿ ಸುಟ್ಟ ವಾಸನೆ ಬರುವ ಹೊತ್ತಿಗೆ ಸುದ್ದಿ ಬೀದಿಯ ತುದಿ ಮುಟ್ಟಿತ್ತು.

ಔಷಧಿ ಅಂಗಡಿಯವರು ಬಂದು ಕಣ್ಣಿಗೆ ಟಾರ್ಚ್ ಹಾಕಿದರು. ಮಹಡಿ ಮೇಲಿನ ನಿವೃತ್ತ ಮೇಷ್ಟ್ರು ಕೆಳಗಿಳಿದು ಬಂದು, "ಹದಿನೇಳರ ಮಗ್ಗಿ ಹೇಳಿ ನೋಡೋಣ," ಎಂದರು.

"ಅದು ನನಗೆ ಯಾವತ್ತೂ ಬರ್ತಿರ್ಲಿಲ್ಲ, ಮೇಷ್ಟ್ರೇ."

"ನೋಡಿದ್ರಾ, ಬರ್ತಿರ್ಲಿಲ್ಲ ಅನ್ನೋದು ನೆನಪಿದೆ, ಮಗ್ಗಿ ನೆನಪಿಲ್ಲ. ಇದೇ ಲಕ್ಷಣ," ಎಂದು ಮೇಷ್ಟ್ರು ಸುತ್ತಲಿದ್ದವರಿಗೆ ವಿವರಿಸಿದರು.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಬ್ಯಾಂಕಿನ ಮ್ಯಾನೇಜರು ಧಾವಿಸಿ ಬಂದು, "ನನ್ನ ಕೋಟಿನ ಬಟ್ಟೆ ಇನ್ನೂ ಕತ್ತರಿಸಿಲ್ಲ ತಾನೆ? ಕೊಟ್ಬಿಡಿ," ಎಂದು ಇಸಿದುಕೊಂಡು ಹೋದರು. ಅವರ ಹಿಂದೆ ನರ್ಸಮ್ಮ, ಅವರ ಹಿಂದೆ ಶಾಲೆಯ ಸಮವಸ್ತ್ರದವರು. ಹನ್ನೆರಡು ಗಂಟೆಗೆ ಕಪಾಟು ಬರಿದಾಯಿತು. "ಕೈ ಗೀರ್ಕೊಂಡ್ರೆ ಕಷ್ಟ," ಎಂದು ಇಸ್ತ್ರಿಯವನು ಕತ್ತರಿ ಎತ್ತಿಟ್ಟುಕೊಂಡ. ಔಷಧಿ ಅಂಗಡಿಯವರು ಅಳತೆರಾಯರ ಅಂಗಿಯ ಬೆನ್ನಿಗೆ ಅವರದೇ ಮನೆ ವಿಳಾಸದ ಚೀಟಿ ಪಿನ್ನು ಮಾಡಿದರು. ಅಂಗಡಿಯಿಂದ ಮನೆಗೆ ಮೂವತ್ತು ಹೆಜ್ಜೆ.

"ಅಯ್ಯೋ, ಇದೆಲ್ಲ ನಾಟಕ ಕಣ್ರೀ," ಎಂದು ಅಳತೆರಾಯರು ಕೊನೆಗೆ ಗೋಗರೆದರು.

"ಪಾಪ, ಏನೇನೋ ಮಾತಾಡ್ತಿದ್ದಾರೆ," ಎಂದರು ಮೇಷ್ಟ್ರು. ಅವರ ಕಣ್ಣು ತುಂಬಿತ್ತು. ಬೀದಿಯವರು ತಲೆಹರಟೆಗಳೇ ಹೊರತು ಕೆಟ್ಟವರಲ್ಲ.

ಹೆಂಡತಿ ಬಂದರು. ಜಗಳವಾಡುತ್ತಾರೆ, ನಾಲ್ಕು ಮಾತು ಅನ್ನಿಸಿಕೊಳ್ಳಬೇಕು ಎಂದುಕೊಂಡಿದ್ದ ಅಳತೆರಾಯರಿಗೆ ಆಶ್ಚರ್ಯ ಕಾದಿತ್ತು. ಆಕೆ ಆಗಲೇ ಚಪ್ಪಲಿ ಮೆಟ್ಟಿ, ಚೀಲ ಹಿಡಿದು ಸಿದ್ಧರಾಗಿದ್ದರು. ಬೆನ್ನಿನ ಚೀಟಿ ತೆಗೆದು ಮಡಚಿ, "ನಡೀರಿ, ತಪಾಸಣೆಗೆ ಹೋಗ್ಬರೋಣ," ಎಂದರಷ್ಟೇ. ಉಪಾಯ ಫಲಿಸಿತೆಂದು ಅಳತೆರಾಯರು ಒಳಗೊಳಗೇ ಬೀಗಿದರು.

ಗ್ರಂಥಾಲಯದ ಮಹಡಿಯಲ್ಲಿ ಸಂಘದ ಕಾರ್ಯಕರ್ತೆಯೊಬ್ಬಳು ಕೂತಿದ್ದಳು. ಮೆತ್ತಗಿನ ದನಿಯ ಹುಡುಗಿ. ಮೆದುಳಿನ ಮೇಲೆ ಸಂಶೋಧನೆ ಮಾಡುವವರಿಗೆ ಸಂಘ ಹಣ ಹೊಂದಿಸುತ್ತದೆ, ಒಪ್ಪಿದವರನ್ನು ವರ್ಷ ವರ್ಷವೂ ಕರೆದು ನೋಡುತ್ತದೆ, ಮರೆವನ್ನು ನಾಚಿಕೆಯೆಂದು ಮುಚ್ಚಿಡಬೇಡಿ ಎಂದು ಬೀದಿ ಬೀದಿಯಲ್ಲಿ ಹೇಳುತ್ತದೆ ಎಂದೆಲ್ಲ ವಿವರಿಸಿದಳು. ಆಮೇಲೆ ಹೆಂಡತಿಯ ಕೈಗೆ ಪ್ರಶ್ನೆಪಟ್ಟಿ ಕೊಟ್ಟು ಪಕ್ಕದ ಕೋಣೆಗೆ ಕಳಿಸಿದಳು.

ಬಾಗಿಲು ಮುಚ್ಚಿದ್ದೇ ತಡ, ಅಳತೆರಾಯರು ಮುಂದಕ್ಕೆ ಬಾಗಿದರು. "ನೋಡಮ್ಮ, ನಂಗೇನೂ ಆಗಿಲ್ಲ. ಮರೆವು ಅವಳಿಗೆ. ಹಾಗೇ ಕರೆದರೆ ಬರಲ್ಲ ಅಂತ ನಾಟಕ ಮಾಡ್ದೆ. ಅವಳನ್ನ ಪರೀಕ್ಷೆ ಮಾಡಿ. ಅವಳಿಗೇನಾದ್ರೂ ಆದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಹುಡುಗಿ ಮೊದಲು ಅವರ ಪರೀಕ್ಷೆ ಮುಗಿಸಿದಳು. ಹೆಂಡತಿಯನ್ನೂ ಕೂರಿಸಿ ಪರೀಕ್ಷೆ ಮಾಡಿಸಿದಳು. ಆಕೆಗೆ ಮೂವತ್ತಕ್ಕೆ ಮೂವತ್ತು ಅಂಕ ಬಂತು. ಅಳತೆರಾಯರಿಗೆ ಕುರ್ಚಿಯಿಂದ ಎದ್ದು ಕುಣಿಯುವಷ್ಟು ಸಂತೋಷ.

"ಮತ್ತೆ ಕಾಫಿಗೆ ಉಪ್ಪು?" ಎಂದರು.

"ಬೇಕಂತಲೇ ಹಾಕ್ದೆ," ಎಂದರು ಹೆಂಡತಿ, ನೆಲ ನೋಡುತ್ತ. "ದಾರ, ಬೀಗದ ಕೈ ಎಲ್ಲ ಬೇಕಂತಲೇ. ನಿಮ್ಮನ್ನ ಹಾಗೇ ಕರೆದರೆ ಬರ್ತಿರ್ಲಿಲ್ಲ. ನನಗೆ ಹುಷಾರಿಲ್ಲ ಅಂದ್ರೆ ಎತ್ತಿಕೊಂಡಾದ್ರೂ ಕರ್ಕೊಂಡು ಬರ್ತೀರಿ ಅಂತ ಗೊತ್ತಿತ್ತು. ಹೋದ ವಾರ ಕರೆದ ತಕ್ಷಣ ಹೂಂ ಅಂದಿದ್ರೆ ನಿಮಗೆ ಅನುಮಾನ ಬರ್ತಿತ್ತು, ಅದಕ್ಕೇ ಬೇಡ ಅಂದೆ."

ಅಳತೆರಾಯರು ಬಿದ್ದು ಬಿದ್ದು ನಕ್ಕರು. "ಸರಿಹೋಯ್ತು. ನೀನೂ ನಾಟಕ, ನಾನೂ ನಾಟಕ. ಸುಮ್ನೆ ಒಂದು ದಿನದ ದುಡಿಮೆ ಹಾಳು. ಬೆಳಗಿಂದ ಆದದ್ದೆಲ್ಲ ಸುಳ್ಳು ಅಂತ ಆ ಕಾಗದದಲ್ಲಿ ಬರೆದುಬಿಡು."

"ಬೆಳಗಿಂದ ಆದದ್ದು ನಾನು ಬರ್ದೇ ಇಲ್ಲ."

ಹೆಂಡತಿ ತುಂಬಿಸಿದ ಪ್ರಶ್ನೆಪಟ್ಟಿ ಮೇಜಿನ ಮೇಲಿತ್ತು. ಅದನ್ನು ಆಕೆಯೇ ಗಂಡನ ಮುಂದೆ ಸರಿಸಿದರು. ದುಂಡಗಿನ ಅಕ್ಷರ. ಮೂರು ಅಂಗಿಗಳಿಗೆ ಎರಡೂ ತೋಳು ಎಡಗೈಯದನ್ನೇ ಹೊಲಿದಿದ್ದರು, ಊಟಕ್ಕೆ ಹೋದಾಗ ನಾನು ಬಿಚ್ಚಿ ಸರಿಮಾಡಿದೆ. ಮಗಳ ಫೋನು ಇಟ್ಟ ಅರ್ಧ ಗಂಟೆಗೆ, ಅವಳು ಯಾಕೆ ಫೋನ್ ಮಾಡಿಲ್ಲ ಎಂದು ಕೇಳಿದರು, ನಾಲ್ಕು ಸಲ. ಮಾರುಕಟ್ಟೆಯಿಂದ ಬರುವಾಗ ದಾರಿ ತಪ್ಪಿ ಹಳೆಯ ಬಾಡಿಗೆ ಮನೆಯ ಬಾಗಿಲು ತಟ್ಟಿದರು, ಅಲ್ಲಿಯವರು ಕರೆತಂದು ಬಿಟ್ಟರು. ಒಂದು ಮಧ್ಯಾಹ್ನ ನನ್ನನ್ನು ಅಕ್ಕಾ ಎಂದು ಕರೆದರು.

ಹೀಗೆ ಹನ್ನೊಂದು. ಅಳತೆರಾಯರು ಒಂದೊಂದನ್ನೂ ಎರಡೆರಡು ಸಲ ಓದಿದರು. ಒಂದೂ ಅವರಿಗೆ ನೆನಪಿರಲಿಲ್ಲ.

ಅವರ ಪರೀಕ್ಷೆಯನ್ನೂ ಆ ಪಟ್ಟಿಯನ್ನೂ ನೋಡಿದ ಸಂಘದ ಡಾಕ್ಟರು ಸಮಾಧಾನವಾಗಿ ಮಾತಾಡಿದರು. ಇದಕ್ಕೆ ನಾನಾ ಕಾರಣಗಳಿರಬಹುದು, ಇನ್ನೂ ಪರೀಕ್ಷೆಗಳು ಆಗಬೇಕು, ಬೇಗ ಬಂದದ್ದು ಒಳ್ಳೆಯದಾಯಿತು, ಒಪ್ಪುವುದಾದರೆ ಸಂಶೋಧನೆಯವರೂ ನೋಡುತ್ತಾರೆ, ಮುಂದಿನ ತಿಂಗಳು ಇಬ್ಬರೂ ಬನ್ನಿ. ಅಳತೆರಾಯರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಮೆಟ್ಟಿಲಿಳಿಯುವಾಗ ಹೆಂಡತಿಯ ಕೈ ಹಿಡಿದುಕೊಂಡರು. ಬೀದಿಯಲ್ಲಿ ಹಾಗೆ ಕೈ ಹಿಡಿದು ನಡೆದವರಲ್ಲ ಅವರು.

ಅರ್ಧ ದಾರಿ ಸಾಗಿತ್ತು. ಅಳತೆರಾಯರು ಹೆಂಡತಿಯ ಕಡೆ ತಿರುಗಿದರು.

"ಏನೇ ಇರ್ಲಿ, ಬೆಳಿಗ್ಗೆ ಮಾಡಿದ್ದು ಬರೀ ನಾಟಕ ಅಂತ ನಾಳೆ ಎಲ್ಲರಿಗೂ ಹೇಳ್ಬಿಡ್ತೀನಿ."

"ನಾನೇ ಹೇಳ್ತೀನಿ ಬಿಡಿ," ಎಂದರು ಹೆಂಡತಿ, ಕೈ ಬಿಡದೆ. "ನೀವು ಮರೀತೀರಿ."