ಜನಿವಾರಕ್ಕೆ ಕಟ್ಟಿದ ಪೆನ್ ಡ್ರೈವ್

ಆಂಧ್ರದ ಗಡಿಯ ನಮ್ಮ ಆದವಾನಿಯಲ್ಲಿ ಜನಿವಾರಕ್ಕೆ ಬೀರುವಿನ ಕೀಲಿಕೈ ಕಟ್ಟಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಬೆನ್ನು ಕೆರೆದುಕೊಳ್ಳುವುದಕ್ಕೂ ಅದೇ ಆಗುತ್ತದೆ. ಆದರೆ ಜನಿವಾರಕ್ಕೆ ಪೆನ್ ಡ್ರೈವ್ ಕಟ್ಟಿಕೊಂಡವರು ನನಗೆ ತಿಳಿದ ಮಟ್ಟಿಗೆ ಒಬ್ಬರೇ, ನನ್ನ ಸೋದರಮಾವ. ಲೋಹಕ್ಕೆ ಮೈಲಿಗೆ ನಿಲ್ಲುವುದಿಲ್ಲ, ತೊಳೆದರೆ ಹೋಗುತ್ತದೆ ಎಂಬ ಶಾಸ್ತ್ರ ಹಿಡಿದು ಅವರು ಹುಡುಕಿ ಹುಡುಕಿ ಪೂರ್ತಿ ಸ್ಟೀಲಿನದೇ ತಂದಿದ್ದರು. ತಂದವರು ಸುಮ್ಮನಿದ್ದರೇ? ತಮ್ಮ ಜೊತೆ ಅದಕ್ಕೂ ಸ್ನಾನ ಮಾಡಿಸಿದರು. ಮೊದಲನೆಯದು ಸ್ನಾನದಲ್ಲೇ ಮುಕ್ತಿ ಪಡೆಯಿತು. ಎರಡನೆಯದನ್ನು ಸ್ನಾನದ ಹೊತ್ತಿಗೆ ಗೂಟಕ್ಕೆ ತೂಗುಹಾಕಿ, ಆಮೇಲೆ ಮೇಲಿಂದ ಒಂದು ಹನಿ ನೀರು ಚಿಮುಕಿಸಿದರೆ ಸಾಕು ಎಂಬ ಧರ್ಮಸೂಕ್ಷ್ಮವನ್ನು ಪ್ರೈವೇಟ್ ಸ್ಕೂಲಿನ ವಿಜ್ಞಾನ ಟೀಚರಾದ ನಾನೇ ಹೇಳಿಕೊಡಬೇಕಾಯಿತು.

ಪುರಾಣ ಹೇಳುವವರಿಗೆ ಪೆನ್ ಡ್ರೈವ್ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ನಾನೂ ಕೇಳಿ ಕೇಳಿ ಸುಸ್ತಾಗಿದ್ದೇನೆ.

ಮಾವ ಬಹಳ ವರ್ಷಗಳಿಂದ ಏಕಾದಶಿಯ ಸಂಜೆ ಮಠದಲ್ಲಿ ಪ್ರವಚನ ಮಾಡುತ್ತಿದ್ದರು. ಅವರು ಮಣೆಯ ಮೇಲೆ ಕೂತು ಪಂಚೆ ಸರಿಮಾಡಿಕೊಳ್ಳುವಷ್ಟರಲ್ಲಿ, ಕಂಬಕ್ಕೆ ಒರಗಿ ಕೂತ ನಮ್ಮತ್ತೆ ದೇವರನಾಮ ಎತ್ತಿಕೊಂಡುಬಿಡುತ್ತಿದ್ದರು. ಹಾಡು ಮುಗಿದ ಮೇಲೆ ಮಾವ ಒಂದು ಸಲ ನಕ್ಕು, "ಇದರ ಮುಂದ ನಂದೇನೈತಿ?" ಎಂದು ಪ್ರವಚನಕ್ಕೆ ಇಳಿಯುತ್ತಿದ್ದರು. ಪ್ರತಿ ಏಕಾದಶಿಗೂ ಅದೇ ಮಾತು, ಅದೇ ನಗು. ಆಮೇಲೆ ಅತ್ತೆಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವರು ಬೈಯುವುದನ್ನೂ ಹುಬ್ಬಿನಲ್ಲೇ ಮಾಡುತ್ತಾರೆ.

ಅದಾದ ಮೇಲೆ ಮಾವ ಮಠಕ್ಕೆ ಹೋಗಿ ಮಣೆಯ ಮೇಲೆ ಕೂತರು, ಪಂಚೆ ಸರಿಮಾಡಿಕೊಂಡರು, ಬಾಯಿ ತೆರೆದರು. ಮಾತು ಹೊರಡಲಿಲ್ಲ. "ಇವತ್ತು ಬ್ಯಾಡ" ಎಂದು ಎದ್ದು ಬಂದರು. ಮುಂದಿನ ಏಕಾದಶಿಗೂ ಅದೇ ಕಥೆ. ಮಠದವರು ಒಳ್ಳೆಯವರು, ಮೆಲ್ಲಗೆ ಹೇಳಿದರು: "ಆಚಾರ್ರೇ, ನಿಮಗ ಆಗೋದಿಲ್ಲಾಂದ್ರ ಹೇಳಿಬಿಡ್ರಿ. ಎಮ್ಮಿಗನೂರಿನಿಂದ ಬ್ಯಾರೆಯವರನ್ನ ಕರಸ್ತೀವಿ." ಮಾವ ಎರಡು ತಿಂಗಳು ಟೈಮ್ ಕೇಳಿಕೊಂಡು ನೆಟ್ಟಗೆ ನಮ್ಮ ಮನೆಗೆ ಬಂದರು.

"ನಿಮ್ಮತ್ತಿ ಹಾಡಿದ್ದು ನಿನ್ನ ಫೋನಿನ್ಯಾಗ ಐತೆಲ್ಲ, ನಿಮ್ಮನಿ ಸತ್ಯನಾರಾಯಣ ಪೂಜಿಯಾಗಿಂದು? ಅದಕ್ಕ ದೇವರ ಚಿತ್ರ ಹಚ್ಚಿ ಸ್ಲೈಡು ಮಾಡಿಕೊಡು. ಒಂದೇ ಷರತ್ತು. ಪೆನ್ ಡ್ರೈವ್ ಚುಚ್ಚಿದ ಕೂಡ್ಲೆ ತಾನಾಗೇ ಸುರು ಆಗಬೇಕು. ಯಾರೂ ಏನೂ ಒತ್ತಬಾರದು."

"ಒಂದು ಬಟನ್ನು ಮಾವ. ನಾ ಒತ್ತತೀನಿ ಬಿಡ್ರಿ."

"ನಾ ಮಡಿಯಾಗ ಇರ್ತೀನಿ."

"ನೀವು ಮಡಿಯಾಗ ಇರ್ತೀರಿ. ನಾನಲ್ಲಲ್ಲ?"

"ಒತ್ತಬಾರದು ಅಂದ್ರ ಒತ್ತಬಾರದು."

"ಹಂಗಾದ್ರ ಚುಚ್ಚೋರು ಯಾರು?"

"ಅದಕ್ಕ ಮಂದಿ ಅದಾರ," ಎಂದು ಮಾವ ಕಾಫಿ ಕುಡಿದು ಎದ್ದುಹೋದರು.

ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು. ವಾರವೆಲ್ಲ ಎಂಟನೇ ಕ್ಲಾಸಿನ ಗಲಾಟೆಯಲ್ಲಿ ಗಂಟಲು ಹರಿದುಕೊಂಡು, ಭಾನುವಾರ ಒಂದು ನಿದ್ದೆ ತೆಗೆಯೋಣ ಎನ್ನುವಷ್ಟರಲ್ಲಿ ಬಾಗಿಲ ಹತ್ತಿರ ಪಾದುಕೆಯ ಸದ್ದು. ಸ್ಲೈಡು ಮಾಡುವುದು ಕಷ್ಟವಾಗಲಿಲ್ಲ. ಹಾಡು ಹಾಕಿದೆ, ಚಿತ್ರ ಹಾಕಿದೆ, ಪೆನ್ ಡ್ರೈವಿಗೆ ತುಂಬಿ ಲ್ಯಾಪ್‌ಟಾಪಿಗೆ ಚುಚ್ಚಿದೆ. ಮೂಲೆಯಲ್ಲಿ ಒಂದು ಸಣ್ಣ ಚೌಕ ಎದ್ದು ಬಂತು. ಈ ಡ್ರೈವ್ ಬಂದಿದೆ, ಇದನ್ನು ಏನು ಮಾಡಲಿ ಎಂದು ಕೇಳಿತು.

ಮಾವನಿಗೆ ಮುಖ ಕೆಂಪಾಯಿತು. "ಮನಿಗೆ ಬಂದೋರನ್ನ ಹೊಸ್ತಿಲಾಗ ನಿಂದ್ರಿಸಿ ಏನು ಬೇಕು ಅಂತ ಕೇಳ್ತಾರೇನು? ಬರ್ರಿ, ಕೂಡ್ರಿ ಅಂತಾರ. ನಿನ್ನ ಲ್ಯಾಪ್‌ಟಾಪಿಗೆ ಸಂಸ್ಕಾರ ಇಲ್ಲ."

ಸಂಸ್ಕಾರ ಕಲಿಸಲು ನಾನು ಪಟ್ಟ ಪಾಡು ಯಾರಿಗೆ ಹೇಳಲಿ? ನಮ್ಮ ಸ್ಕೂಲಿನ ಕಂಪ್ಯೂಟರ್ ಸಾರ್ ಹೇಳಿದ ಹಾಗೆ ಆಟೋರನ್ ಎಂಬ ಒಂದು ಸಣ್ಣ ಫೈಲು ಬರೆದು ಪೆನ್ ಡ್ರೈವಿನಲ್ಲಿಟ್ಟೆ. ಹಳೆಯ ಕಾಲದ ಕಂಪ್ಯೂಟರುಗಳು ಅದನ್ನು ಓದಿ ಹೇಳಿದಂತೆ ಕೇಳುತ್ತಿದ್ದವಂತೆ. ನನ್ನದು ಕಣ್ಣೆತ್ತಿಯೂ ನೋಡಲಿಲ್ಲ. ಕಡೆಗೆ ಸ್ಲೈಡನ್ನು ಬೇರೆ ರೀತಿ ಉಳಿಸಿದೆ. ಹಾಗೆ ಉಳಿಸಿದರೆ ಎರಡು ಸಲ ಒತ್ತಿದ ಕೂಡಲೇ ಪರದೆ ತುಂಬ ಶುರುವಾಗಿಬಿಡುತ್ತದೆ. ಸಂಭ್ರಮದಿಂದ ಮಾವನಿಗೆ ತೋರಿಸಿದೆ.

"ಒಂದು ಸಲ ಒತ್ತೋದು ಬ್ಯಾಡ ಅಂದೆ," ಎಂದರು ಮಾವ. "ನೀ ಎರಡಕ್ಕ ಏರಿಸಿದಿ."

ಮುಂದಿನ ಭಾನುವಾರ ಸ್ಟೇಷನ್ ರೋಡಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ನಮ್ಮ ಮೆರವಣಿಗೆ ಹೋಯಿತು. ಅಂಗಡಿಯವರು ವಯಸ್ಸಾದವರು, ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು. "ಅದನ್ನ ಎಂದೋ ಬಂದ್ ಮಾಡ್ಯಾರ ಪಂತುಲುಗಾರೂ. ಚುಚ್ಚಿದ ಕೂಡ್ಲೆ ಸುರು ಆದ್ರ ವೈರಸ್ ಒಳಗ ಬರ್ತೈತಿ. ಏಮ್ ಚೇಸ್ತಾಂ, ಏನು ಮಾಡೋದು?"

"ವೈರಸ್?" ಮಾವ ಅಂಗಿಯ ಗುಂಡಿ ಬಿಚ್ಚಿ ಜನಿವಾರ ಎಳೆದು ತೋರಿಸಿದರು. "ಇದು ದಿನಾ ಮಡಿಯಾಗ ಇರ್ತೈತ್ರೀ."

ಅಂಗಡಿಯವರು ಜನಿವಾರ ನೋಡಿದರು, ಪೆನ್ ಡ್ರೈವ್ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಫ್ಯಾನು ನೋಡುತ್ತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಮಾನವಾದರೂ ಉಳಿಯುತ್ತಿತ್ತು. ಎಮ್ಮಿಗನೂರಿನಲ್ಲಿ ನಮ್ಮ ದೊಡ್ಡಮ್ಮನ ಮೊಮ್ಮಗನ ಮುಂಜಿ. ಊಟದ ಹಾಲ್‌ನಲ್ಲಿ ವಟುವಿನ ಫೋಟೋ ತೋರಿಸಲು ಒಂದು ಟಿವಿ ಇಟ್ಟಿದ್ದರು. ಮಾವನ ಕಣ್ಣು ಅದರ ಹಿಂದಿನ ತೂತಿನ ಮೇಲೆ ಬಿತ್ತು. ಪಂಕ್ತಿಗೆ ಪಾಯಸ ಬಡಿಸುತ್ತಿದ್ದಾಗ, ಯಾರಿಗೂ ಹೇಳದೆ ಕೇಳದೆ ಪೆನ್ ಡ್ರೈವ್ ಬಿಚ್ಚಿ ಚುಚ್ಚಿಯೇಬಿಟ್ಟರು. ನಾನು ಮಾಡಿದ ಪಾಪವೇನೆಂದರೆ, ಹಿಂದಿನ ದಿನ ನನ್ನ ಪೆನ್ ಡ್ರೈವ್ ಸಿಗದೆ, ಎಂಟನೇ ಕ್ಲಾಸಿನ ಒಂದು ಪಾಠದ ವಿಡಿಯೋವನ್ನು ಮಾವನದರಲ್ಲೇ ಹಾಕಿಕೊಂಡಿದ್ದೆ. ಆ ಟಿವಿ ಏನೂ ಕೇಳಲಿಲ್ಲ. ಸಿಕ್ಕಿದ್ದನ್ನು ಶುರು ಮಾಡಿತು. ಪರದೆಯ ಮೇಲೆ ಗುಲಾಬಿ ಬಣ್ಣದ ಸಣ್ಣ ಕರುಳು, ಅದರ ಪಕ್ಕದಲ್ಲಿ ದೊಡ್ಡ ಕರುಳು. ನಾವು ತಿಂದ ಅನ್ನ ಮುಂದೆ ಏನೇನಾಗುತ್ತದೆ ಎಂದು ನನ್ನದೇ ದನಿ ಅಚ್ಚ ತೆಲುಗಿನಲ್ಲಿ ವಿವರಿಸತೊಡಗಿತು. ದೊಡ್ಡಮ್ಮ ಪಾಯಸದ ದೊನ್ನೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಮಾವ ಮಾತ್ರ ಟಿವಿಯ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. "ಸುರು ಆತು! ಯಾರೂ ಒತ್ತಲಿಲ್ಲ, ತಾನಾಗೇ ಸುರು ಆತು!"

"ಅಗ್ಗದ ಟಿವಿ ರೀ," ಎಂದು ವಟುವಿನ ಅಪ್ಪ ಓಡಿಬಂದು ಕ್ಷಮೆ ಕೇಳಿದ. "ಏನು ಚುಚ್ಚಿದ್ರೂ ಹಚ್ಚಿಬಿಡ್ತೈತಿ. ಕೆಟ್ಟ ಚಾಳಿ ಐತಿ ಇದಕ್ಕ."

"ಚಾಳಿ ಅಲ್ಲಪ್ಪಾ," ಎಂದರು ಮಾವ. "ಸಂಸ್ಕಾರ."

ಆ ಸಂಸ್ಕಾರವಂತ ಟಿವಿಯನ್ನು ಎರವಲು ಪಡೆದು ಎಮ್ಮಿಗನೂರಿನಿಂದ ಆದವಾನಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವರು ಯಾರು? ನಾನೇ. ಮಾವ ಕಿಟಕಿಯ ಪಕ್ಕ ಕೂತು ಹತ್ತಿ ಹೊಲ ನೋಡುತ್ತಿದ್ದರು. ಕಂಡಕ್ಟರ್ ಟಿವಿಗೆ ಹಾಫ್ ಟಿಕೆಟ್ ಹರಿದ. ಮನೆಗೆ ಬಂದು ಸ್ಲೈಡನ್ನೆಲ್ಲ ವಿಡಿಯೋ ಮಾಡಿದೆ, ಕರುಳನ್ನು ಅಳಿಸಿದೆ, ಚುಚ್ಚಿ ನೋಡಿದೆ. ಹಾಡು ತಾನಾಗಿಯೇ ಬಂತು. ಮಾವ ತಲೆಯಾಡಿಸಿ ಪೆನ್ ಡ್ರೈವ್ ಕಿತ್ತು ಮತ್ತೆ ಜನಿವಾರಕ್ಕೆ ಕಟ್ಟಿಕೊಂಡರು.

ಕೇಳಿಕೊಂಡಿದ್ದ ಎರಡು ತಿಂಗಳು ಮುಗಿದು ಏಕಾದಶಿ ಬಂತು. ಉಪವಾಸ ಬೇರೆ, ಸ್ಕೂಲು ಬೇರೆ, ಸಂಜೆ ಟಿವಿ ಹೊತ್ತುಕೊಂಡು ಮಠಕ್ಕೆ ಹೋಗುವಷ್ಟರಲ್ಲಿ ನನಗೆ ನಿಲ್ಲುವ ತ್ರಾಣವೂ ಇರಲಿಲ್ಲ. ಟಿವಿಯನ್ನು ಸ್ಟೂಲಿನ ಮೇಲಿಟ್ಟು ವೈರು ಚುಚ್ಚಿದೆ. ಜನ ಬಂದು ಕೂತರು. ಮಠದ ಹಿರಿಯರು ಮುಂದಿನ ಸಾಲಿನಲ್ಲಿದ್ದರು. ಇವತ್ತೂ ಮಾವ ಎದ್ದುಹೋದರೆ ಮುಂದಿನ ಸಲ ಆ ಮಣೆಯ ಮೇಲೆ ಬೇರೆಯವರು ಕೂರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅತ್ತೆ ಎಂದಿನಂತೆ ಬಂದು ಕಂಬಕ್ಕೆ ಒರಗಿ ಕೂತರು.

ಮಾವ ಮಡಿಯುಟ್ಟು ಬಂದು ಮಣೆಯ ಮೇಲೆ ಕೂತರು. ಜನಿವಾರದಿಂದ ಪೆನ್ ಡ್ರೈವ್ ಬಿಚ್ಚಿ ಮುಂದಿನ ನೆಲದ ಮೇಲಿಟ್ಟರು. ಮಡಿಯಲ್ಲಿದ್ದವರು ಕೈಯಿಂದ ಕೈಗೆ ಕೊಡುವುದಿಲ್ಲವಲ್ಲ. ನಾನು ನಿಟ್ಟುಸಿರು ಬಿಟ್ಟು ಎದ್ದೆ.

"ನೀ ಕೂಡವ್ವಾ," ಎಂದರು ಮಾವ. "ಸುರು ಮಾಡೋರು ಇಲ್ಲೇ ಅದಾರ."

ಅಷ್ಟು ಹೇಳಿ ಅವರು ಪಂಚೆ ಸರಿಮಾಡಿಕೊಳ್ಳತೊಡಗಿದರು.

ಕಂಬದ ಹತ್ತಿರ ಅತ್ತೆ ಎದ್ದರು. ನೆಲದ ಮೇಲಿನ ಪೆನ್ ಡ್ರೈವ್ ಎತ್ತಿಕೊಂಡು ಟಿವಿಯ ಹತ್ತಿರ ಹೋದರು. ಮೊದಲ ಸಲ ತಿರುವುಮುರುವಾಗಿ ಹಿಡಿದರು, ಒಳಗೆ ಹೋಗಲಿಲ್ಲ. ತಿರುಗಿಸಿ ಚುಚ್ಚಿದರು. ಅತ್ತೆಗೆ ಮೌಸೂ ಬಾರದು, ರಿಮೋಟೂ ಬಾರದು. ಬರುವುದು ಇಷ್ಟೇ. ಅವರಿಗೆ ಬರುವಷ್ಟರಲ್ಲೇ ಶುರುವಾಗುವಂಥದ್ದನ್ನು ಮಾವ ಊರೆಲ್ಲ ತಿರುಗಿ ಹುಡುಕಿದ್ದರು. ಯಾರೂ ಒತ್ತಬಾರದು ಎಂದದ್ದಕ್ಕೆ ಕಾರಣ ಮಡಿಯೂ ಅಲ್ಲ, ಮಣ್ಣೂ ಅಲ್ಲ. ಇಷ್ಟು ವರ್ಷಗಳಲ್ಲಿ ಮಾವ ಒಂದು ದಿನವೂ ಅತ್ತೆಗೆ "ಹಾಡು" ಎಂದು ಹೇಳಿದ್ದನ್ನು ನಾವು ಕೇಳಿರಲಿಲ್ಲ. ಇವತ್ತು ಆ ಮಾತನ್ನು ನನಗೆ ಹೇಳಿ, ಅತ್ತೆಯ ಹಾಡನ್ನು ನನ್ನ ಕೈಯಿಂದ ಶುರು ಮಾಡಿಸುವುದು ಅವರಿಗೆ ಬೇಕಾಗಿರಲಿಲ್ಲ.

ಅತ್ತೆಯ ದನಿ ಮಠದ ತುಂಬ ಬಂತು. ಅತ್ತೆ ಮತ್ತೆ ಕಂಬಕ್ಕೆ ಒರಗಿ ಕೂತು ತೊಡೆಯ ಮೇಲೆ ತಾಳ ಹಾಕಿದರು, ತುಟಿ ಆಡಿಸಿದರು. ನನಗೆ ಕಣ್ಣೀರು ತಡೆಯಲಾಗಲಿಲ್ಲ. ಕಳೆದ ಭಾನುವಾರಗಳನ್ನೆಲ್ಲ ಮಾವನಿಗೆ ಬಿಟ್ಟುಕೊಟ್ಟೆ.

ಹಾಡು ಮುಗಿಯಿತು. ಮಾವ ಅತ್ತೆಯ ಕಡೆ ನೋಡಿ, ಒಂದು ಸಲ ನಕ್ಕು, ಬಾಯಿ ತೆರೆದರು.

"ಇದರ ಮುಂದ ನಂದೇನೈತಿ?" ಎಂದರು.