ಮೂರು ಗುಂಗುರು ತಲೆಗಳು

ನಮ್ಮ ಮನೆಯಲ್ಲಿ ಭಾನುವಾರವೆಂದರೆ ಹಣಿಗೆ ಮುರಿಯುವ ದಿನ. ಬೇರೆಯವರ ಮನೆಯಲ್ಲಿ ಅವತ್ತು ಕುಕ್ಕರ್ ಕೂಗುತ್ತದೆ. ಸಿಂಧನೂರಿನ ನಮ್ಮ ಓಣಿಯಲ್ಲಿ ಕೂಗುವುದು ನನ್ನ ಮಗಳು ಅಮರೇಶ್ವರಿ. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು, ತಲೆ ತುಂಬ ಗುಂಗುರು ಕೂದಲು. ಮನೆಯಲ್ಲಿ ಅವಳನ್ನು ಅಮ್ಮು ಎನ್ನುತ್ತೇವೆ. ಅವಳ ಹಿಂದೆ ಹಣಿಗೆ ಹಿಡಿದು, ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂರುವವಳು ನನ್ನ ಹೆಂಡತಿ ಸುರೇಖಾ. ಅವಳ ಕೂದಲೋ, ಕಾಲುವೆ ನೀರಿನ ಹಾಗೆ ನೆಟ್ಟಗೆ ಇಳಿಯುವಂಥದು. ಗುಂಗುರು ಕೂದಲಿನ ಕಷ್ಟ ಅವಳಿಗೆ ಹೇಗೆ ತಿಳಿಯಬೇಕು?

“ಅಲುಗಾಡಬ್ಯಾಡ ಅಂದ್ರ ಕೇಳಂಗಿಲ್ಲಲ್ಲ!”

“ಅವ್ವಾ, ಬೇರು ಸಮೇತ ಬರಾಕತ್ತಾವು!”

“ಬರ್ಲಿ ಬಿಡು. ಎಲ್ಲಾ ನಿಮ್ಮಪ್ಪನ ಮನೀ ಕೂದಲಾ. ನಮ್ಮ ತವರಮನ್ಯಾಗ ಒಬ್ಬರದರ ಹಿಂಗ ಇತ್ತೇನು ಕೇಳು.”

ಈ ಮಾತು ಬಂದ ಕೂಡಲೇ ನಾನು ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿಯುತ್ತಿದ್ದೆ. ಆರೋಪ ನಿಜವಾಗಿತ್ತು. (ಮಸ್ಕಿಯ ಕಚೇರಿಯೊಂದರಲ್ಲಿ ಹದಿನೆಂಟು ವರ್ಷ ಗುಮಾಸ್ತನಾಗಿರುವವನಿಗೆ, ನಿಜವಾದ ಆರೋಪಕ್ಕೆ ಉತ್ತರ ಕೊಡಬಾರದು ಎಂಬಷ್ಟಾದರೂ ಗೊತ್ತಿರುತ್ತದೆ.) ನನ್ನದೂ ಗುಂಗುರು ತಲೆಯೇ, ಆದರೆ ಅದನ್ನು ಯಾರಿಗೂ ತೋರಿಸಿದವನಲ್ಲ. ಏಳನೇ ಕ್ಲಾಸಿನಲ್ಲಿ ಹುಡುಗರು ಅದನ್ನು ಗುಬ್ಬಿಗೂಡು ಎಂದು ಕರೆದು, ಒಂದು ದಿನ ಹುಲ್ಲುಕಡ್ಡಿಯನ್ನೂ ಸಿಕ್ಕಿಸಿ ನಕ್ಕಿದ್ದರು. ಆಮೇಲಿಂದ ಇಪ್ಪತ್ತು ದಿನಕ್ಕೊಮ್ಮೆ ತಪ್ಪದೆ ಮಷೀನು ಹಾಕಿಸುತ್ತ ಬಂದೆ. ಕಟಿಂಗ್ ಅಂಗಡಿಯ ಅಖ್ತರನಿಗೂ ನನ್ನ ಕೂದಲಿನ ನಿಜಸ್ವರೂಪ ತಿಳಿಯದು. ನನ್ನ ತಾಯಿ ಗದ್ದೆಮ್ಮನದೂ ಅದೇ ಕೂದಲು. ಎಣ್ಣೆ ಸುರಿದು, ಬಿಗಿಯಾಗಿ ತುರುಬು ಕಟ್ಟಿ, ಮೇಲೆ ಸೆರಗು ಹೊದ್ದರೆ ಮುಗಿಯಿತು. ಹೆತ್ತ ಮಗ ನಾನೂ ಅದನ್ನು ಬಿಚ್ಚಿದ್ದು ಕಂಡವನಲ್ಲ.

ಹೋದ ದಸರಾ ಮುಗಿದ ವಾರ ಹಣಿಗೆ ಎಂದಿನಂತೆ ಮುರಿಯಿತು. ಅರ್ಧ ಸುರೇಖಾಳ ಕೈಯಲ್ಲಿ, ಅರ್ಧ ಅಮ್ಮುವಿನ ತಲೆಯಲ್ಲಿ. ಅಮ್ಮು ಕಣ್ಣೊರೆಸಿಕೊಂಡು ಎದ್ದಳು. ಅರ್ಧ ಹಣಿಗೆಯನ್ನು ತೂಗಾಡಿಸುತ್ತಲೇ ದೇವರ ಜಗಲಿಯ ಮುಂದೆ ಹೋಗಿ ಕೈಮುಗಿದಳು.

“ಅಮರೇಶಪ್ಪಾ, ಈ ಗುಂಗುರು ಕೂದಲಾ ನನಗ ಬ್ಯಾಡ. ಪೂರಾ ನಿನಗ ಕೊಡ್ತೀನಿ, ತಗೊಂಡುಬಿಡು.”

ಗುರುಗುಂಟಾದ ಅಮರೇಶ್ವರ ನಮ್ಮ ಮನೆದೇವರು. ಮಗಳಿಗೆ ಇಟ್ಟದ್ದು ಅವನ ಹೆಸರೇ, ಜವಳ ತೆಗೆಸಿದ್ದೂ ಅಲ್ಲೇ. ನನಗೆ ನಗು ಬಂತು. ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ನನ್ನ ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತದ್ದು ಕಾಣಿಸಿತು.

“ಶಿವನ! ಹುಡುಗಿ ಹರಕಿ ಹೊತ್ತುಬಿಟ್ಲಲ್ಲೋ ಪಂಪಾಪತಿ!” ಎಂದು ನನ್ನ ಹೆಸರು ಹಿಡಿದು ಕೂಗಿದಳು.

“ಸಣ್ಣ ಹುಡುಗಿ ಮಾತದು ಬೇ. ಸಿಟ್ಟಿನಾಗ ಅಂದಾಳ.”

“ಜಗಲಿ ಮುಂದ ನಿಂತು ಅಂದಾಳ. ವಾಪಸ್ ತಗೊಳ್ಳಾಕ ಅದೇನು ನಿಮ್ಮ ಆಫೀಸಿನ ಅರ್ಜೀ ಏನು? ಈ ಮನೀದೊಂದು ಗುಂಗುರು ಮುಡಿ ಅವನಿಗೆ ಹೋಗಬೇಕು. ಯುಗಾದಿಯೊಳಗ.”

ಇಷ್ಟು ದಿನ ಆ ಕೂದಲಿಗೆ ಶಾಪ ಹಾಕುತ್ತಿದ್ದ ಸುರೇಖಾ ಈಗ ಅಳತೊಡಗಿದಳು. “ಬೋಳು ತಲೀಲೆ ಸಾಲಿಗೆ ಹೆಂಗ ಹೋಗ್ತಾಳರಿ? ಹುಡುಗರು ಸುಮ್ಮನ ಬಿಡ್ತಾರೇನು?”

ನನಗೆ ಹುಲ್ಲುಕಡ್ಡಿ ನೆನಪಾಯಿತು. ಅಮ್ಮು ಮಾತ್ರ ಆರಾಮವಾಗಿದ್ದಳು. “ಬೋಳಾದರ ಏನಾತು, ಹಣಗಿ ಕಾಟ ತಪ್ಪತದ” ಎಂದಳು. ಒಂಬತ್ತು ವರ್ಷದ ಹುಡುಗಿಗೆ ಬಾಚಿಸಿಕೊಳ್ಳುವುದಕ್ಕಿಂತ ಬೋಳಾಗುವುದೇ ವಾಸಿ ಅನ್ನಿಸುತ್ತಿದ್ದಾಗ ನಾನು ಪೇಪರ್ ಓದುತ್ತಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಯುಗಾದಿಯೊಳಗೆ ಇವಳಿಗೆ ತನ್ನ ಕೂದಲಿನ ಮೇಲೆ ಪ್ರೀತಿ ಹುಟ್ಟಿಸಿಯೇ ತೀರುತ್ತೇನೆ, ಆಮೇಲೆ ದೇವರ ಜೊತೆ ಏನಾದರೂ ಮಾತುಕತೆ ನಡೆಸಿದರಾಯಿತು ಎಂದು ಅವತ್ತೇ ನಿಶ್ಚಯಿಸಿದೆ.

ಮಸ್ಕಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ನನ್ನ ಕೇಶಸಂಶೋಧನೆ ಆರಂಭವಾಯಿತು. ಮೊಬೈಲಿನಲ್ಲಿ ಒಬ್ಬಾಕೆ ಹೇಳುತ್ತಿದ್ದಳು: ಗುಂಗುರು ಕೂದಲನ್ನು ಒಣಗಿದಾಗ ಬಾಚಲೇಬಾರದು. ಹಸಿಯಿದ್ದಾಗ ಬೆರಳಿನಿಂದ ಸಿಕ್ಕು ಬಿಡಿಸಿ, ಅಗಲ ಹಲ್ಲಿನ ಹಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಟವಲಿನಿಂದ ಉಜ್ಜಬಾರದು, ಹಳೆಯ ಬನಿಯನ್ನಿನಿಂದ ಮೆಲ್ಲಗೆ ಒತ್ತಬೇಕು. ಅಗಸೆ ಬೀಜವನ್ನು ಕುದಿಸಿ ಸೋಸಿ, ಆ ಲೋಳೆಯನ್ನು ಹಚ್ಚಬೇಕು. ಅಂದರೆ ನಮ್ಮ ಮನೆಯಲ್ಲಿ ಇಷ್ಟು ವರ್ಷ ನಡೆದದ್ದೆಲ್ಲ ಉಲ್ಟಾ.

ಅಗಸೆಗೇನು ಬರ, ಅಡುಗೆಮನೆಯಲ್ಲಿ ಡಬ್ಬಿ ತುಂಬ ಇತ್ತು. ಕುದಿಸಿದೆ. ಲೋಳೆಯ ಬದಲು ಕಂದು ಬಣ್ಣದ ನೀರು ಬಂತು, ಜೊತೆಗೆ ಬೆಳ್ಳುಳ್ಳಿಯ ಘಮ. ಮೊದಲ ಪ್ರಯೋಗ ಹೀಗೇ ಇರುತ್ತದೇನೋ ಎಂದುಕೊಂಡು ಹಚ್ಚಿಯೇಬಿಟ್ಟೆ. ನಮ್ಮ ಕಡೆ ಅಗಸೆ ಮನೆಗೆ ಬಂದರೆ ನೇರ ಬಾಣಲೆಗೆ ಹೋಗುತ್ತದೆ, ಚಟ್ನಿಪುಡಿಯಲ್ಲದೆ ಅದಕ್ಕೆ ಬೇರೆ ಗತಿಯಿಲ್ಲ ಎಂಬುದು ನಲವತ್ಮೂರು ವರ್ಷ ರೊಟ್ಟಿ ತಿಂದ ನನಗೆ ಹೊಳೆಯಲಿಲ್ಲ. ಮರುದಿನ ಕ್ಲಾಸಿನಲ್ಲಿ ಅಮ್ಮುವಿನ ಪಕ್ಕ ಕೂರುವ ಕಹಕಶಾ ಮೂಗರಳಿಸಿ ಎದ್ದು ನಿಂತಳಂತೆ: “ಟೀಚರ್, ಅಮ್ಮು ಕದ್ದು ರೊಟ್ಟಿ ಚಟ್ನಿ ತಿನ್ನಾಕತ್ತಾಳ!”

ಸುರೇಖಾ ಖಾಲಿ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದಳು. “ಬೆಳ್ಳುಳ್ಳಿ ಉಪ್ಪು ಹಾಕಿ ಹುರಿದಿಟ್ಟಿದ್ನಿ, ಕುಟ್ಟೂದೊಂದು ಉಳಿದಿತ್ತು. ಎಲ್ಲಾ ತಲಿಗೆ ಸುರುವೀರಲ್ಲ! ಇನ್ನ ರೊಟ್ಟಿಗೆ ಏನು ಹಚ್ಚಿಕೊಂತೀರಿ, ಶಾಂಪೂ?”

ಮುಂದಿನ ವಾರ ಹಸಿ ಅಗಸೆ ತಂದೆ. ಈ ಸಲ ಲೋಳೆ ಬಂತು. ಅಮ್ಮುವನ್ನು ಬಚ್ಚಲ ಹೊರಗೆ ಮಣೆಯ ಮೇಲೆ ಕೂರಿಸಿಕೊಂಡೆ. ಕೈ ಇಡುವ ಮೊದಲೇ ಅವಳು ಹೆಗಲು ಕುಗ್ಗಿಸಿ ಕಣ್ಣು ಮುಚ್ಚಿಕೊಂಡಳು. ಒಂದೊಂದೇ ಸಿಕ್ಕನ್ನು ಬೆರಳಿನಿಂದ ಬಿಡಿಸಿದೆ. ಮುಕ್ಕಾಲು ತಾಸು ಹಿಡಿಯಿತು. ಎಷ್ಟೋ ಹೊತ್ತಿನ ಮೇಲೆ ಅವಳ ಹೆಗಲು ತಾನಾಗಿ ಕೆಳಗಿಳಿಯಿತು.

“ಅಪ್ಪಾ, ಮುಗೀತೇನು?”

“ಮುಗೀತವ್ವ.”

“ನೋಯಲೇ ಇಲ್ಲಲ್ಲ!” ಎಂದು ಅವಳು ಹಿಂತಿರುಗಿ ನನ್ನ ಮುಖ ನೋಡಿದಳು. ಕಚೇರಿಯಲ್ಲಿ ನನಗೆ ಇಷ್ಟು ವರ್ಷದಲ್ಲಿ ಅಂಥ ಮೆಚ್ಚುಗೆ ಸಿಕ್ಕಿಲ್ಲ.

ಒಣಗಿದ ಮೇಲೆ ನೋಡಿದರೆ ಸುರುಳಿ ಸುರುಳಿ ಕೂದಲು ಭುಜದ ಮೇಲೆ ಕುಣಿಯುತ್ತಿತ್ತು. ಅಮ್ಮು ಕನ್ನಡಿಯ ಮುಂದೆ ನಿಂತು ಎರಡು ಸಲ ತಲೆ ಅಲ್ಲಾಡಿಸಿದಳು. ಆಮೇಲೆ ನನ್ನ ಮಷೀನ್ ತಲೆಯ ಮೇಲೆ ಕೈಯಾಡಿಸಿ ಕೇಳಿದಳು: “ನಿಂದೂ ಇಂಥವನ ಅಂತಾರ ಎಲ್ಲಾರು. ಚಂದ ಅದಾವು ಅಂತೀ, ಮತ್ತ ನೀ ಯಾಕ ಬಿಡಂಗಿಲ್ಲ?”

ಅವತ್ತಿನಿಂದ ಅಖ್ತರನ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದೆ.

ಮೊದಲ ತಿಂಗಳು ಕಚೇರಿಯಲ್ಲಿ ಎಲ್ಲರೂ ಆರೋಗ್ಯ ವಿಚಾರಿಸಿದರು. ಮೂರನೇ ತಿಂಗಳಿಗೆ ಸುರುಳಿಗಳು ಹುಟ್ಟಿದವು. ನಾಲ್ಕನೆಯದಕ್ಕೆ, ಹೇಳಿಕೊಳ್ಳಲು ಸಂಕೋಚ, ನಾನು ಆ ಕೂದಲನ್ನು ಪ್ರೀತಿಸತೊಡಗಿದ್ದೆ. ಬಸ್ಸಿನ ಕಿಟಕಿ ಗಾಜಿನಲ್ಲಿ ಅದನ್ನೇ ನೋಡಿಕೊಳ್ಳುತ್ತ ಎರಡು ಸಲ ಇಳಿಯುವ ಸ್ಟಾಪ್ ದಾಟಿ ಹೋದೆ. ಮಗಳಿಗಿಂತ ಹೆಚ್ಚು ಲೋಳೆ ನನಗೇ ಖರ್ಚಾಗುತ್ತಿತ್ತು. ಒಂದು ಸಂಜೆ ಸುರೇಖಾ ಚಹಾ ಕೊಡಲು ಬಂದವಳು ನನ್ನ ಹಣೆಯ ಮೇಲಿನ ಸುರುಳಿಯೊಂದನ್ನು ಬೆರಳಿಗೆ ಸುತ್ತಿ ಬಿಟ್ಟಳು. “ಲಗ್ನದಾಗರ ಹಿಂಗ ಬಂದಿದ್ದರ ಏನಾಗತಿತ್ತರಿ?” ಎಂದು ನಕ್ಕು ಒಳಗೆ ಹೋದಳು. ಆ ಚಹಾಕ್ಕೆ ಸಕ್ಕರೆ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಒಂದು ಭಾನುವಾರ ಅಮ್ಮು ಎದ್ದ ಮೇಲೂ ಮಣೆ ಖಾಲಿಯಾಗಲಿಲ್ಲ. ಅವ್ವ ಬಂದು ಕೂತಿದ್ದಳು. ಆಚೆ ಈಚೆ ನೋಡಿ, ಸೆರಗು ಜಾರಿಸಿ, ತುರುಬು ಬಿಚ್ಚಿದಳು. “ನಂದೂ ಒಂದಿಷ್ಟು ನೋಡೋ.”

ಬೆಳ್ಳಗೆ, ಒತ್ತಾಗಿ, ಅಮ್ಮುವಿನದೇ ಸುರುಳಿ. ನಾನು ಸಿಕ್ಕು ಬಿಡಿಸುತ್ತ ಹೋದೆ.

“ಲಗ್ನಾದ ಹೊಸದಾಗಿ ಒಂದಿನ ತಲೀ ಒಣಗಿಸಾಕತ್ತಿದ್ನಿ” ಎಂದಳು ಅವ್ವ. “ನಿಮ್ಮಪ್ಪ ಹೊಲದಿಂದ ಬಂದವನು ನೋಡಿ, ಹುಚ್ಚಿ ಕಂಡಂಗ ಕಾಣ್ತಿ, ಕಟ್ಟು ಅಂದ. ಸಿಟ್ಟಿನಿಂದೇನು ಅಂದಿದ್ದಿಲ್ಲ ಪಾಪ, ನಕ್ಕೋಂತನ ಅಂದ. ಅವತ್ತು ಕಟ್ಟಿದ್ದು.”

ನಕ್ಕು ಆಡಿದ ಒಂದು ಮಾತಿಗೆ ಐವತ್ತು ವರ್ಷದ ಗಂಟು ಬಿದ್ದಿತ್ತು. ನನ್ನ ತಲೆಯ ಹುಲ್ಲುಕಡ್ಡಿ ಆ ಹೊತ್ತಿಗೆ ಬಹಳ ಸಣ್ಣದು ಅನ್ನಿಸಿತು. ಅವತ್ತಿನಿಂದ ಭಾನುವಾರ ಅವ್ವನೂ ಅಂಗಳದ ಬಿಸಿಲಿನಲ್ಲಿ ತಲೆ ಬಿಟ್ಟು ಕೂರತೊಡಗಿದಳು. ಓಣಿಯವರು ನೋಡಿದರೂ ಸೆರಗು ಎಳೆದುಕೊಳ್ಳುತ್ತಿರಲಿಲ್ಲ.

ಯುಗಾದಿಗೆ ಎರಡು ವಾರ ಇದ್ದಾಗ ಅದೇ ಅಂಗಳದಲ್ಲಿ, ಅದೇ ಬಿಸಿಲಿನಲ್ಲಿ ಕೂತು ಅವ್ವ ಹರಕೆಯ ಮಾತು ತೆಗೆದಳು. ಅಮ್ಮು ಎರಡೂ ಕೈಯಿಂದ ತಲೆ ಅವುಚಿಕೊಂಡು ನನ್ನ ಹಿಂದೆ ಅಡಗಿದಳು. “ನಾ ಕೊಡಂಗಿಲ್ಲ! ಇವು ನನ್ನವು!”

ನಾನು ಗೆದ್ದೆ ಎಂದುಕೊಂಡೆ. “ಹುಡುಗಿ ಒಲ್ಲೆ ಅಂತಾಳ ಬೇ. ಕಾಯಿ ಒಡಿಸಿ ತಪ್ಪಾತು ಅನ್ನೋಣು.”

“ಕಾಯಿ ಕೊಡ್ತೀನಿ ಅಂದಿದ್ಲೇನು? ಮನೀದೊಂದು ಗುಂಗುರು ಮುಡಿ ಹೋಗಬೇಕು.”

“ನಂದಾದರ ಕೊಡ್ತಿದ್ನಿ ಅತ್ತಿ. ಏನ್ ಮಾಡ್ಲಿ, ನೆಟ್ಟಗದಾವು” ಎಂದು ಸುರೇಖಾ ತುಂಬ ವಿಷಾದದಿಂದ ಹೆರಳನ್ನು ಮುಂದಕ್ಕೆ ಎಳೆದುಕೊಂಡಳು.

ಮನೆಯಲ್ಲಿ ಗುಂಗುರು ತಲೆ ಮೂರೇ. ಒಂದು ನನ್ನ ಬೆನ್ನ ಹಿಂದೆ ನಡುಗುತ್ತಿತ್ತು. ಇನ್ನೊಂದು ಐವತ್ತು ವರ್ಷದ ಮೇಲೆ ಗಾಳಿ ಕಂಡು ಎದುರಿಗೆ ಒಣಗುತ್ತಿತ್ತು. ನೋಡಿದರೆ, ಅತ್ತೆ, ಸೊಸೆ, ಮೊಮ್ಮಗಳು ಮೂವರೂ ನನ್ನ ತಲೆಯನ್ನೇ ದಿಟ್ಟಿಸುತ್ತಿದ್ದರು.

“ನಂದಾ? ಈಗಿನ್ನ ಬೆಳದಾವು ಬೇ!”

“ಅದಕ್ಕ” ಎಂದಳು ಅವ್ವ. “ಮೊದಲಿನಂಗ ಮಷೀನು ಹಾಕಿಸಿಕೋಂತ ಇದ್ದಿದ್ದರ ದೇವರಿಗೆ ಕೊಡಾಕ ಏನಿರತಿತ್ತು?”

ಗುರುಗುಂಟಾದಲ್ಲಿ ಮುಡಿ ತೆಗೆಯುವ ಗ್ಯಾನಪ್ಪ ನನ್ನ ತಲೆಗೆ ನೀರು ಹಾಕಿ, ಬೆರಳಾಡಿಸಿ, ಕತ್ತಿ ಹಿಡಿದವನು ಹಾಗೇ ನಿಂತ. “ಎಷ್ಟು ಚಂದ ಬೆಳಿಸೀರಿ ಸಾಹೇಬ್ರ! ಏನು ಹಚ್ಚತೀರಿ?”

“ಅಗಸೀ ರೀ” ಎಂದಳು ಅಮ್ಮು ಹೆಮ್ಮೆಯಿಂದ. “ಹುರಿದದ್ದಲ್ಲ ಮತ್ತ, ಹಸೀದು.”

ಐದು ತಿಂಗಳ ಆರೈಕೆ ಐದು ನಿಮಿಷದಲ್ಲಿ ನನ್ನ ಮಡಿಲಿಗೆ ಬಿತ್ತು. ಅಳು ಬಂತು ಎಂದು ಒಪ್ಪಿಕೊಂಡುಬಿಡುತ್ತೇನೆ. ನೀರು ಕಣ್ಣಿಗೆ ಹೋಗಿದೆ ಎಂದು ಎಲ್ಲರೂ ತಿಳಿದುಕೊಂಡರು.

ಲಿಂಗಸುಗೂರು ದಾಟಿ ಬಸ್ಸು ಮಸ್ಕಿ ಕಡೆ ಓಡುತ್ತಿತ್ತು. ಮುಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಗಳು ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ಒಂದು ಕಪ್ಪು, ಒಂದು ಬಿಳಿ, ಎರಡೂ ತಲೆಗಳ ಸುರುಳಿಗಳು ಗಾಳಿಗೆ ಹಾರಿ ಹಾರಿ ಹಿಂದಿನ ಸೀಟಿನವರೆಗೆ ಬರುತ್ತಿದ್ದವು. ಹಿಂದೆ ನಾನು, ಗಂಧ ಬಳಿದ ಬೋಳು ತಲೆಯನ್ನು ಟವಲಿನಲ್ಲಿ ಮುಚ್ಚಿಕೊಂಡು ಕೂತಿದ್ದೆ. ಸುರೇಖಾ ಚೀಲದಿಂದ ಅಗಲ ಹಲ್ಲಿನ ಹಣಿಗೆ ತೆಗೆದು ನನ್ನ ಕೈಗಿಟ್ಟಳು.

“ಗಾಳಿಗೆ ಮತ್ತ ಸಿಕ್ಕಾಗ್ಯಾವು ನೋಡ್ರಿ. ಮನಿಗೆ ಹೋದಕೂಡಲೇ ಇಬ್ಬರದೂ ಬಿಡಿಸಿಬಿಡ್ರಿ. ಹೆಂಗೂ ನಿಮಗೇನು ತಲೀ ಬಾಚಿಕೊಳ್ಳೂ ಕೆಲಸ ಇಲ್ಲಲ್ಲ.”